ತೊಂಗ್ಮಾ ಕೊರಿಯಾ ನೋಡಿ ಬಂದದ್ದು

ತೊಂಗ್ಮಾ ಕೊರಿಯಾಕ್ಕೆ ಹೋಗುತ್ತಾನೆ ಎಂಬುದನ್ನು ಥಾಯ್ ದೇಶದ ನಾಖಾಮ್ ಊರಿನವರೆಲ್ಲ ನಂಬಿದರು. ಪ್ರವಾಸಕ್ಕೆ ಹೋಗುತ್ತಾನೆ ಎಂಬುದನ್ನು ಮಾತ್ರ ಒಬ್ಬರೂ ನಂಬಲಿಲ್ಲ.

ಅವರದೇನೂ ತಪ್ಪಿಲ್ಲ. ಹತ್ತು ವರ್ಷಗಳಲ್ಲಿ ಆ ಊರಿನಿಂದ ಮೂವತ್ತೊಂದು ಮಂದಿ ಕೊರಿಯಾ ಪ್ರವಾಸಕ್ಕೆ ಹೋಗಿದ್ದರು. ಎಲ್ಲರೂ ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡು, ಅರಮನೆಗಳ ಹೆಸರು ಬಾಯಿಪಾಠ ಮಾಡಿಕೊಂಡು, ಐದು ದಿನದಲ್ಲಿ ಬರುತ್ತೇವೆಂದು ಹೊರಟವರೇ. ಆಮೇಲೆ ಒಬ್ಬ ಎಲೆಕೋಸಿನ ಹೊಲದಲ್ಲಿ, ಇನ್ನೊಬ್ಬಳು ಅಣಬೆ ಬೆಳೆಯುವ ಶೆಡ್ಡಿನಲ್ಲಿ, ಮತ್ತೊಬ್ಬ ಹಂದಿಗಳ ನಡುವೆ, ಪ್ರವಾಸ ಮುಗಿಯದೆ ಅಲ್ಲೇ ಉಳಿದುಬಿಟ್ಟರು. ಕ್ಯಾಮೆರಾ ಮಾತ್ರ ಪ್ರತಿಸಲವೂ ಪಾರ್ಸೆಲ್ಲಿನಲ್ಲಿ ಊರಿಗೆ ವಾಪಸ್ ಬಂದು ಮುಂದಿನವರ ಕುತ್ತಿಗೆ ಸೇರುತ್ತಿತ್ತು. ಅದು ಇಡೀ ಊರಿನ ಕ್ಯಾಮೆರಾ. ಮುಖ್ಯಸ್ಥ ಸುವಿತ್‌ನ ಮನೆಯ ಬೀರುವಿನಲ್ಲಿ ಇರುತ್ತಿತ್ತು. ಅದರಲ್ಲಿ ಒಂದು ಚಿತ್ರವನ್ನೂ ಯಾರೂ ತೆಗೆದಿರಲಿಲ್ಲ.

ತೊಂಗ್ಮಾನ ಕತೆಯೇ ಬೇರೆ. ಅರವತ್ತೆರಡು ವರ್ಷದ ಈ ಮನುಷ್ಯ ರೈಲಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ಪರೀಕ್ಷಕನಾಗಿ ಉದೊನ್‌ಗೂ ಖೊನ್‌ಕೇನ್‌ಗೂ ನಡುವೆ ಓಡಾಡಿದವನು. ಅಷ್ಟು ವರ್ಷ ಚಕ್ರದ ಮೇಲೆಯೇ ಇದ್ದರೂ ಎರಡು ಊರು ಬಿಟ್ಟು ಮೂರನೆಯದನ್ನು ನೋಡಿರಲಿಲ್ಲ. ಹೆಂಡತಿ ಲಮೈ ಪ್ರತಿ ಸಂಜೆ ಕೊರಿಯಾದ ಧಾರಾವಾಹಿ ಹಾಕಿಕೊಂಡು ಕೂರುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ಕೂತು ಅವನಿಗೆ ಆ ದೇಶದ ಸೇತುವೆಗಳೂ ಅರಮನೆಗಳೂ ಪರಿಚಯವಾಗಿಬಿಟ್ಟಿದ್ದವು.

"ಇಷ್ಟು ವರ್ಷ ಬೇರೆಯವರ ಟಿಕೆಟ್ ನೋಡಿದ್ದಾಯ್ತು. ಒಂದು ಸಲ ನನ್ನ ಟಿಕೆಟ್ಟನ್ನೂ ಯಾರಾದ್ರೂ ನೋಡ್ಲಿ" ಎಂದು ಅವನು ಒಂದು ದಿನ ಘೋಷಿಸಿದ.

"ಹೋಗಿ ಬನ್ನಿ. ಬಾತುಕೋಳಿ ನೋಡ್ಕೊಳ್ಳೋಕೆ ನಾನಿದೀನಿ" ಎಂದಳು ಲಮೈ. ವಿಮಾನವೆಂದರೆ ಅವಳಿಗೆ ಜೀವಭಯ. ಬಾತುಕೋಳಿಗಳು ಆ ಹೊತ್ತಿಗೆ ಚೆನ್ನಾಗಿ ಒದಗಿ ಬಂದವು.

ತೊಂಗ್ಮಾ ಒಂದು ನೋಟ್‌ಬುಕ್ ತಂದು ನಲವತ್ತೈದು ದಿನದ ವೇಳಾಪಟ್ಟಿ ಬರೆದ. ಸಿಯೋಲ್, ದೇಗು, ಬುಸಾನ್, ಗ್ಯೊಂಗ್ಜು. ಯಾವ ಊರಿಗೆ ಯಾವ ರೈಲು, ಎಷ್ಟು ಗಂಟೆಗೆ, ಎಷ್ಟು ನಿಮಿಷ ತಡವಾದರೆ ಮುಂದೇನು ಎಂಬುದೆಲ್ಲ ಅದರಲ್ಲಿತ್ತು. ಇಷ್ಟೆಲ್ಲ ಬರೆದವನನ್ನು ಪ್ರವಾಸಿಯಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು? ಇಡೀ ಊರಿಗೇ ಬಂತು.

"ಭಲೇ ಅಣ್ಣಾ! ನಮ್ಮೋರು ಬರೀ ಅರಮನೆ ಹೆಸರು ಕಲೀತಿದ್ರು. ನೀನು ಪುಸ್ತಕಾನೇ ಬರೆದಿದೀಯಲ್ಲ!" ಎಂದು ಮುಖ್ಯಸ್ಥ ಸುವಿತ್ ಕಣ್ಣು ಮಿಟುಕಿಸಿದ.

"ಸುವಿತ್, ನಾನು ನಿಜವಾಗ್ಲೂ ಪ್ರವಾಸಕ್ಕೇ ಹೋಗ್ತಿರೋದು."

"ಹಾಂ, ಹೀಗೇ ಹೇಳ್ಬೇಕು! ಅಲ್ಲೂ ಇದೇ ಮುಖ ಇಟ್ಕೊಂಡು ಹೇಳು. ನಗಬೇಡ ಮಾತ್ರ."

ಸುವಿತ್ ಊರಿನ ಕ್ಯಾಮೆರಾ ಕೊಟ್ಟ. ಅದರ ಜೊತೆಗೆ ಒಂದು ಜೊತೆ ರಬ್ಬರ್ ಬೂಟು, ಆರು ಜೊತೆ ಕೈಗವಸು. ಬೇಡವೆಂದರೂ ಬಿಡಲಿಲ್ಲ. ದೇಗುವಿನಲ್ಲಿದ್ದ ತನ್ನ ಅಕ್ಕನ ಮಗನ ವಿಳಾಸವನ್ನು ಕಿವಿಯಲ್ಲಿ ಹೇಳಿದ. ಇನ್ನೂ ಮೂವರು ಬಂದು ತಮ್ಮ ತಮ್ಮ ಮಕ್ಕಳ ವಿಳಾಸವನ್ನು ಕಿವಿಯಲ್ಲಿ ಹೇಳಿಹೋದರು. ಬರೆದುಕೊಡುವುದು ಅಪಾಯವೆಂದು ಊರಿಗೆಲ್ಲ ಗೊತ್ತಿತ್ತು.

ಕೊನೆಗೆ ಪಕ್ಕದ ಮನೆಯ ಬುಪ್ಪಾ ಬಂದಳು. ಗಂಡನಿಲ್ಲದ ಹೆಂಗಸು. ಬಾಳೆಹಣ್ಣು ಸುಟ್ಟು ಮಾರುತ್ತಾಳೆ. ಕೈಯಲ್ಲಿ ಒಂದು ಜಾಡಿ ಪ್ಲಾ ರಾ, ಅಂದರೆ ಉಪ್ಪು ಹಾಕಿ ವರ್ಷಗಟ್ಟಲೆ ಕೊಳೆಯಿಸಿದ ಮೀನು. ನಾಲ್ಕು ಸುತ್ತು ಪ್ಲಾಸ್ಟಿಕ್ ಸುತ್ತಿದ್ದರೂ ಬಾತುಕೋಳಿಗಳು ಅದರ ಬರುವಿಕೆಯನ್ನು ಅರಿತು ದೂರ ಸರಿದವು.

"ಅಣ್ಣ, ನೀನು ಕೆಲಸಕ್ಕೆ ಹೋಗು, ಪ್ರವಾಸಕ್ಕೆ ಹೋಗು, ನನಗದು ಬೇಡ. ನನ್ನ ಮಗನ ಕಾಲು ನೋಡ್ಕೊಂಡು ಬಾ" ಎಂದಳು.

ಅವಳ ಮಗ ಕೊಪ್ ಗ್ಯೊಂಗ್ಜು ಕಡೆಗೆ ಹೋಗಿ ಏಳು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಎಲೆಕೋಸಿನ ಕ್ರೇಟುಗಳ ರಾಶಿ ಅವನ ಕಾಲಮೇಲೆ ಕುಸಿದು ಬಿದ್ದಿತ್ತು.

"ಸರಿಯಾಯ್ತಮ್ಮ, ಸರಿಯಾಯ್ತಮ್ಮ ಅಂತಾನೆ. ಫೋನಲ್ಲಿ ಬರೀ ಮುಖ ತೋರಿಸ್ತಾನೆ. ಸ್ವಲ್ಪ ಕೆಳಗೆ ಹಿಡಿಯೋ, ಕಾಲು ನೋಡ್ತೀನಿ ಅಂದ್ರೆ ಸಿಗ್ನಲ್ ಹೋಯ್ತು ಅಂತಾನೆ. ನಾನಾಗೇ ಫೋನ್ ಮಾಡೋಣ ಅಂದ್ರೆ ನಂಬರ್ ಬದಲಾಗಿರುತ್ತೆ. ನಡೀತಾನೋ, ಕುಂಟ್ತಾನೋ, ಕಾಲು ಇದೆಯೋ ಇಲ್ವೋ, ನಂಗೆ ಏನೂ ಗೊತ್ತಿಲ್ಲ ಅಣ್ಣ."

ತೊಂಗ್ಮಾ ತಕ್ಷಣ ನೋಟ್‌ಬುಕ್ ತೆರೆದು, ಗ್ಯೊಂಗ್ಜು ಊರಿನ ಪುಟ ಹುಡುಕಿ, ಮೂವತ್ತೆಂಟನೆಯ ದಿನ ಮಧ್ಯಾಹ್ನ ಮೂರೂವರೆಯ ಎದುರಿಗೆ "ಕಾಲು" ಎಂದು ಬರೆದುಕೊಂಡ.

ಕೊರಿಯಾದ ವಿಮಾನ ನಿಲ್ದಾಣದಲ್ಲಿ ಅವನನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಎದುರಿಗೆ ಒಬ್ಬ ತರುಣ ಅಧಿಕಾರಿ, ಪಕ್ಕದಲ್ಲಿ ತೊಂಗ್ಮಾನ ಕಡೆಯವಳೇ ಆದ ದುಭಾಷಿ ಹೆಂಗಸು.

"ನಲವತ್ತೈದು ದಿನ ಇಲ್ಲೇನು ಮಾಡ್ತೀರಿ ಅಂತ ಕೇಳ್ತಿದಾರೆ."

"ಊರು ನೋಡ್ತೀನಿ."

"ಒಬ್ಬರೇನಾ?"

"ಹೆಂಡತಿ ಬಾತುಕೋಳಿ ನೋಡ್ಕೋತಾಳೆ."

"ರಬ್ಬರ್ ಬೂಟು ಯಾಕೆ?"

"ಮುಖ್ಯಸ್ಥರು ಕೊಟ್ರು."

"ಆರು ಜೊತೆ ಕೈಗವಸು?"

"ಅದೂ ಅವರೇ."

ಅಧಿಕಾರಿ ಜಾಡಿಯ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿ, ಕೂಡಲೇ ಮುಚ್ಚಿ, ಕಿಟಕಿಯ ಕಡೆಗೆ ನಡೆದ. ದುಭಾಷಿ ಹೆಂಗಸು ಮಾತ್ರ ಎಂಜಲು ನುಂಗಿಕೊಂಡು, "ನಮ್ಮಮ್ಮ ಮಾಡಿದ ಹಾಗೇ ಇದೆ" ಎಂದು ಮೆಲ್ಲಗೆ ಹೇಳಿದಳು.

ಕೆಲಸ ಕೆಡುವ ಸೂಚನೆ ಕಾಣುತ್ತಿತ್ತು. ಅಷ್ಟರಲ್ಲಿ ಅಧಿಕಾರಿ ಮರಳಿ ಬಂದು ತೊಂಗ್ಮಾನ ಪಾಸ್‌ಪೋರ್ಟನ್ನು ಎರಡು ಪುಟ ಮಗುಚಿ ಮುಚ್ಚಿಟ್ಟ. ಅಲ್ಲಿಯವರೆಗೆ ತಲೆಬಗ್ಗಿಸಿ ಉತ್ತರ ಹೇಳುತ್ತಿದ್ದ ತೊಂಗ್ಮಾನಿಗೆ ಇದನ್ನು ಸಹಿಸಲಾಗಲಿಲ್ಲ. ಕಸುಬಿನ ಪ್ರಶ್ನೆ.

"ತಮ್ಮಾ, ಹಾಗಲ್ಲಪ್ಪಾ ನೋಡೋದು!" ಎಂದು ಎದ್ದು ನಿಂತ. "ಮೊದಲು ಮುಖ ನೋಡ್ಬೇಕು. ಆಮೇಲೆ ಕೈ. ಟಿಕೆಟ್ಟು ಕೊನೆಗೆ. ಕೊಡಿ ಅನ್ನೋ ಮೊದಲೇ ಯಾರ ಕೈ ಜೇಬಿಗೆ ಹೋಗುತ್ತೋ ಅವನನ್ನ ಬಿಡಬಾರ್ದು. ನಿದ್ದೆ ಮಾಡ್ತಿರೋನನ್ನಂತೂ ಎಬ್ಬಿಸ್ಲೇಬೇಕು, ಅವನಿಗೆ ನಿದ್ದೆ ಬಂದಿರೋದಿಲ್ಲ. ಇನ್ನು ಹಿಂದಿನ ಪುಟ. ಮೂವತ್ತನಾಲ್ಕು ವರ್ಷದಲ್ಲಿ ಹಿಂದಿನ ಪುಟ ನೋಡದೆ ನಾನು ಯಾರನ್ನೂ ಬಿಟ್ಟಿಲ್ಲ!"

ಪಾಠ ಕಾಲುಗಂಟೆ ನಡೆಯಿತು. ದುಭಾಷಿಯ ಗಂಟಲು ಒಣಗಿತು. ಮೇಲಧಿಕಾರಿಯೊಬ್ಬ ಬಂದು ನಿಂತು ಕೇಳಿದ, ವೇಳಾಪಟ್ಟಿಯ ನೋಟ್‌ಬುಕ್ಕನ್ನು ತಿರುವಿಹಾಕಿದ. ಕದ್ದು ಕೆಲಸಕ್ಕೆ ನುಗ್ಗುವವನು ಹಿಡಿಯುವವರಿಗೆ ಹಿಡಿಯುವ ಉಪಾಯ ಹೇಳಿಕೊಡಲಾರ ಎಂದು ಆತನಿಗೆ ಹೊಳೆದಿರಬೇಕು. ನಕ್ಕು ಮುದ್ರೆ ಒತ್ತಿಸಿದ.

"ಮುದ್ರೆ ಸ್ವಲ್ಪ ಓರೆ ಆಯ್ತು" ಎಂದು ತೊಂಗ್ಮಾ ಹೇಳಿದ. ಪುಣ್ಯಕ್ಕೆ ದುಭಾಷಿ ಅದನ್ನು ಅನುವಾದಿಸಲಿಲ್ಲ.

ಈ ಪ್ರಸಂಗದಿಂದ ನಮ್ಮ ಪ್ರವಾಸಿ ಕಲಿತದ್ದು ಒಂದೇ: ತನ್ನನ್ನು ಕಾಪಾಡಿದ್ದು ತನ್ನ ಗತ್ತು. ಇನ್ನು ನಲವತ್ತೈದು ದಿನವೂ ಅದನ್ನು ಕೆಳಗಿಳಿಸಬಾರದೆಂದು ನಿಶ್ಚಯಿಸಿದ. ರೈಲ್ವೆಯ ಹಳೆಯ ಖಾಕಿ ಕೋಟು ಹಾಕಿದ. ಚಳಿಗೆಂದು ಮೂಗಿನ ತನಕ ಮಫ್ಲರ್ ಸುತ್ತಿದ. ಕೈಯಲ್ಲಿ ನೋಟ್‌ಬುಕ್ಕು, ಕುತ್ತಿಗೆಯಲ್ಲಿ ಕ್ಯಾಮೆರಾ, ಕಂಕುಳಲ್ಲಿ ಜಾಡಿ. ಕೋಣೆಯಲ್ಲಿ ಇಟ್ಟು ಹೋಗೋಣವೆಂದರೆ ಹೋಟೆಲಿನವರು ಅದನ್ನು ಒಳಗೆ ಇಡಲು ಬಿಡಲಿಲ್ಲ.

ಸಿಯೋಲ್‌ನಲ್ಲಿ ಐದು ಅರಮನೆ ನೋಡಿದ, ಲಮೈಯ ಧಾರಾವಾಹಿಯಲ್ಲಿ ನಾಯಕಿ ಅಳುತ್ತಿದ್ದ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡ. ಎಂಟನೆಯ ದಿನ ನೋಟ್‌ಬುಕ್ಕಿನ ಪ್ರಕಾರ ಊರವನೊಬ್ಬನನ್ನು ನೋಡಬೇಕಿತ್ತು. ಸಂತೆಬೀದಿಯ ಹಿಂದೆ ಒಂದು ಥಾಯ್ ಊಟದ ಅಂಗಡಿ. ಒಳಗೆ ಏಳೆಂಟು ಜನ ಪಪಾಯಿ ಸಲಾಡು ತಿನ್ನುತ್ತಿದ್ದರು. ಅಷ್ಟು ದಿನದ ಮೇಲೆ ತನ್ನ ಭಾಷೆ ಕಿವಿಗೆ ಬಿದ್ದು ತೊಂಗ್ಮಾನ ಎದೆ ತುಂಬಿ ಬಂತು. ಬಾಗಿಲಲ್ಲಿ ನಿಂತು, ಬೋಗಿಯ ಆ ತುದಿಗೂ ಕೇಳಿಸುವ ದನಿಯಲ್ಲಿ ಕೂಗಿದ:

"ನಾಖಾಮ್ ಊರಿನೋರು ಯಾರಿದೀರಿ? ಹೆಸರು ಹೇಳಿ!"

ಚಮಚಗಳು ಬಿದ್ದವು. ಹಿಂಬಾಗಿಲು ಒಮ್ಮೆ ತೆರೆದು ಒಮ್ಮೆ ಮುಚ್ಚಿತು. ಅವನು ನೋಟ್‌ಬುಕ್ ತೆರೆಯುವಷ್ಟರಲ್ಲಿ ಅಂಗಡಿಯಲ್ಲಿ ಉಳಿದದ್ದು ಏಳು ತಟ್ಟೆ ಮತ್ತು ಅಂಗಡಿಯ ಯಜಮಾನಿ. ಅವಳು ಎರಡೂ ಕೈ ಎದೆಗೆ ಜೋಡಿಸಿ, "ಊಟ ಮಾಡಿ ಸಾರ್. ನಮ್ಮ ಕಡೆಯಿಂದಾನೇ" ಎಂದಳು.

ಆ ದಿನ ಲಮೈಗೆ ಬರೆದ ಪತ್ರದಲ್ಲಿ ತೊಂಗ್ಮಾ, "ಇಲ್ಲಿ ನಮ್ಮವರಿಗೆ ಊಟ ಮಾಡಲೂ ಪುರುಸೊತ್ತಿಲ್ಲ. ಆದರೆ ಅತಿಥಿಸತ್ಕಾರ ಮರೆತಿಲ್ಲ" ಎಂದು ಬರೆದ.

ದೇಗುವಿನಲ್ಲಿ ಸುವಿತ್‌ನ ಅಕ್ಕನ ಮಗ ಕೆಲಸಕ್ಕಿದ್ದ ಗೋದಾಮಿಗೆ ಹೋದರೆ ಇಡೀ ಗೋದಾಮು ಖಾಲಿ, ಶೈತ್ಯಾಗಾರದ ಬಾಗಿಲು ಒಳಗಿನಿಂದ ಭದ್ರ. ಬುಸಾನ್‌ನಲ್ಲಿ ಅವನು ರೈಲು ಇಳಿಯುವ ಹೊತ್ತಿಗೆ ಸರಿಯಾಗಿ ಥಾಯ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹಬ್ಬವೇನಾದರೂ ಇದೆಯೇ ಎಂದು ಕ್ಯಾಲೆಂಡರ್ ನೋಡಿದ. ಇರಲಿಲ್ಲ. "ನಮ್ಮವರು ಇಲ್ಲಿಗೆ ಬಂದಮೇಲೆ ಬಹಳ ನಾಚಿಕೆಯವರಾಗಿದ್ದಾರೆ" ಎಂದು ಲಮೈಗೆ ಇನ್ನೊಂದು ಪತ್ರ ಹೋಯಿತು.

ನಾಲ್ವರಲ್ಲಿ ಒಬ್ಬನನ್ನೂ ನೋಡಲಾಗಲಿಲ್ಲ. ಬುಪ್ಪಾಳ ಮಗನನ್ನಾದರೂ ನೋಡದೆ ಹೋದರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ? ಮೂವತ್ತೆಂಟನೆಯ ದಿನ ಗ್ಯೊಂಗ್ಜುವಿನ ಹೊರಗಿನ ಎಲೆಕೋಸಿನ ಹೊಲಕ್ಕೆ ಅವನು ಮೂರೂ ಇಪ್ಪತ್ತೈದಕ್ಕೇ ಹೋಗಿ ಬೇಲಿಯ ಹೊರಗೆ ಐದು ನಿಮಿಷ ಕಾದ. ಮೂರೂವರೆಗೆ ಒಳಗೆ ಹೊಕ್ಕ. ದೂರದಲ್ಲಿ ಒಬ್ಬ ತರುಣ ಕ್ರೇಟುಗಳ ಹಿಂದೆ ಬಗ್ಗಿ ಕೋಸು ತುಂಬುತ್ತಿದ್ದ. ಮುಖ ಕೊಪ್‌ನದೇ. ಸೊಂಟದಿಂದ ಕೆಳಗೆ ಕ್ರೇಟು ಅಡ್ಡ.

"ಕೊಪ್! ಬುಪ್ಪಾಳ ಮಗ ಕೊಪ್! ಅಲ್ಲೇ ನಿಲ್ಲು! ಕಾಲು ತೋರಿಸು!"

ಕೊಪ್ ತಲೆಯೆತ್ತಿ ನೋಡಿದ. ಖಾಕಿ ಕೋಟು, ಮುಖವಿಲ್ಲದ ಮಫ್ಲರು, ನೋಟ್‌ಬುಕ್ಕು. ಓಡಿದ.

ಓಡುವವನನ್ನು ಕಂಡರೆ ತೊಂಗ್ಮಾನ ಕಾಲುಗಳು ಅವನ ಅಪ್ಪಣೆಗೆ ಕಾಯುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷದ ಅಭ್ಯಾಸ. ಸಾಲು ಸಾಲು ಕೋಸಿನ ನಡುವೆ ಕೊಪ್ ಮುಂದೆ, ಜಾಡಿ ಹಿಡಿದ ತೊಂಗ್ಮಾ ಹಿಂದೆ.

"ಓಡಬೇಡ್ವೋ! ನಿಮ್ಮಮ್ಮ ಕಳಿಸಿದಾಳೆ! ನಾನು ಪ್ರವಾಸಿ ಕಣೋ, ನೋಡು ಕ್ಯಾಮೆರಾ!" ಎಂದು ಏದುಸಿರಿನಲ್ಲಿ ಕ್ಯಾಮೆರಾ ಎತ್ತಿ ತೋರಿಸಿದ. ಬೆರಳು ಎಲ್ಲೋ ಒತ್ತಿ ಫಳಕ್ಕೆಂದು ಬೆಳಕು ಹೊಡೆಯಿತು. ಇದೊಂದು ಬಾಕಿಯಿತ್ತು. ಫೋಟೋ ಸಾಕ್ಷಿಯೂ ಸಿಕ್ಕಿತೆಂದು ತಿಳಿದ ಕೊಪ್ ಎದೆಯೆತ್ತರದ ಕ್ರೇಟುಗಳ ಸಾಲನ್ನು ಒಂದೇ ನೆಗೆತಕ್ಕೆ ಹಾರಿದ. ಹಾರುವಾಗಲೇ ಬೆಳಕು ಇನ್ನೊಮ್ಮೆ ಹೊಡೆಯಿತು. ಕಾಲುವೆ ದಾಟಿ, ಗುಡ್ಡದ ಹಿಂದೆ ಮಾಯವಾದ.

ಹೊಲದ ಒಡತಿ, ಬೆನ್ನು ಬಾಗಿದ ಕೊರಿಯಾದ ಅಜ್ಜಿ, ಬಂದು ನೋಡಿದಳು. ತೊಂಗ್ಮಾ ಉಸಿರಿಲ್ಲದೆ ಜಾಡಿಯನ್ನು ಅವಳ ಕೈಗಿಟ್ಟು ಗುಡ್ಡದ ಕಡೆ ಬೆರಳು ಮಾಡಿದ. ಅಜ್ಜಿ ಮುಚ್ಚಳ ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಿದಳು. ಮೆಚ್ಚಿಕೊಂಡು ತಲೆಯಾಡಿಸಿ, ಪ್ರತಿಯಾಗಿ ಒಂದು ಎಲೆಕೋಸು ಕೊಟ್ಟಳು.

ಹೇಳಿದಂತೆ ನಲವತ್ತೈದನೆಯ ದಿನ ತೊಂಗ್ಮಾ ಊರಿನ ಬಸ್ ನಿಲ್ದಾಣದಲ್ಲಿ ಇಳಿದ. ಕೊರಿಯಾ ಪ್ರವಾಸ ಮುಗಿಸಿ ತಾನಾಗಿಯೇ ವಾಪಸ್ ಬಂದ ಮೊದಲನೆಯ ಮನುಷ್ಯ. ಹಾರ ತುರಾಯಿ ಇಲ್ಲದಿದ್ದರೂ ನಾಲ್ಕು ಮಂದಿ ಬಂದು ಹೇಗಿತ್ತು ಎಂದು ಕೇಳಿಯಾರು ಎಂದುಕೊಂಡಿದ್ದ. ದಾರಿಯಲ್ಲಿ ಸಿಕ್ಕ ಹೆಂಗಸರು ಸೆರಗಿಲ್ಲದಿದ್ದರೂ ಕಣ್ಣೊರೆಸಿಕೊಂಡರು. ಗಂಡಸರು ಭುಜ ಹಿಡಿದು, ಮಾತಾಡದೆ, ಅದುಮಿ ಬಿಟ್ಟರು.

ಮನೆಯ ಜಗಲಿಯಲ್ಲಿ ಆಗಲೇ ಊರು ಸೇರಿತ್ತು. ನಡುವೆ ಬಾಳೆಎಲೆಯ ಗೋಪುರ, ಹೂವು, ಬೇಯಿಸಿದ ಮೊಟ್ಟೆ, ಬಿಳಿ ದಾರ. ಬೆದರಿ ಮೈಬಿಟ್ಟು ಹೋದ ಚೈತನ್ಯವನ್ನು ಮರಳಿ ಕರೆದು ಮಣಿಕಟ್ಟಿಗೆ ದಾರ ಕಟ್ಟುವ ಶಾಸ್ತ್ರ. ಸಿಕ್ಕಿಬಿದ್ದು ವಾಪಸ್ ಕಳಿಸಲ್ಪಟ್ಟವರಿಗೆ ಆ ಊರಿನಲ್ಲಿ ಇದನ್ನು ತಪ್ಪದೆ ಮಾಡುತ್ತಿದ್ದರು.

"ನಾನು ಹೇಳಿದೆ, ಇವರು ಬರೋ ದಿನಾನೇ ಇವತ್ತು ಅಂತ. ಯಾರೂ ಕೇಳ್ಲಿಲ್ಲ" ಎಂದಳು ಲಮೈ. "ಆ ಸೇತುವೆ ನೋಡಿದ್ರಾ?"

"ಸುಮ್ನಿರಕ್ಕ, ಅವನ ಮನಸ್ಸು ನೊಂದಿದೆ" ಎಂದು ಸುವಿತ್ ಅವಳನ್ನು ತಡೆದು, ತೊಂಗ್ಮಾನ ಅಂಗೈಯಲ್ಲಿ ಮೊಟ್ಟೆ ಇಟ್ಟು ದಾರ ಕಟ್ಟಲು ಶುರುಮಾಡಿದ. "ಬೇಜಾರು ಮಾಡ್ಕೋಬೇಡ ಅಣ್ಣಾ. ಈ ಸಲ ಯಾರು ಹೋಗಿದ್ರೂ ಸಿಕ್ಕಿಬೀಳ್ತಿದ್ರು. ಅಲ್ಲಿ ಹೊಸ ಅಧಿಕಾರಿ ಬಂದಿದಾನಂತೆ."

"ಯಾವ ಅಧಿಕಾರಿ?"

"ಅಯ್ಯೋ, ಊರೆಲ್ಲ ಅದೇ ಮಾತು! ನಮ್ಮ ಭಾಷೇನೇ ಮಾತಾಡ್ತಾನಂತೆ. ಖಾಕಿ ಕೋಟು. ಊರೂರು ಇಳಿದು ನಮ್ಮೋರನ್ನ ಹೆಸರು ಹಿಡಿದು ಕೂಗ್ತಾನಂತೆ. ಕಂಕುಳಲ್ಲಿ ಪ್ಲಾ ರಾ ಜಾಡಿ! ಊರಿನ ನೆನಪಾಗಿ ಮಕ್ಕಳು ವಾಸನೆಗೆ ಹತ್ರ ಬಂದ್ರೆ ಗಬಕ್ಕನೆ ಹಿಡೀತಾನಂತೆ. ನನ್ನ ಅಕ್ಕನ ಮಗ ಮೂರು ಗಂಟೆ ಮಂಜಿನ ಪೆಟ್ಟಿಗೇಲಿ ಕೂತಿದ್ನಂತೆ ಪಾಪ."

"ರೈಲಿನ ಟೈಮಿಗೆ ಸರಿಯಾಗಿ ಬರ್ತಾನಂತೆ" ಎಂದು ಇನ್ನೊಬ್ಬ ಸೇರಿಸಿದ.

ತೊಂಗ್ಮಾ ಅಂಗೈಯ ಮೊಟ್ಟೆಯಿಂದ ತಲೆಯೆತ್ತಿದ.

"ಅವನು... ಎಷ್ಟು ಎತ್ತರ ಇದಾನಂತೆ?"

"ಆರೂವರೆ ಅಡಿಯಂತೆ!"

ಐದಡಿ ಮೂರಂಗುಲದ ತೊಂಗ್ಮಾನಿಗೆ ಆ ಸಂಕಟದಲ್ಲೂ ಒಂದು ಗಳಿಗೆ ಹಿತವೆನಿಸಿತು.

"ನಿನ್ನನ್ನೂ ಅವನೇ ಹಿಡಿದಿದ್ದಾ?"

ಹೌದೆಂದುಬಿಟ್ಟರೆ ಮುಗಿಯಿತು. ಊರಿನ ಕರುಣೆ ಜೀವಮಾನಕ್ಕೆ ಸಾಕಾಗುವಷ್ಟು ಇತ್ತು. ತೊಂಗ್ಮಾ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮೊಟ್ಟೆಯನ್ನೇ ನೋಡುತ್ತ ಕೂತ. ಒಬ್ಬೊಬ್ಬರೇ ಬಂದು ದಾರ ಕಟ್ಟಿ, ಆ ಅಧಿಕಾರಿಯ ವಂಶಕ್ಕೆಲ್ಲ ಹಿಡಿಶಾಪ ಹಾಕಿ ಹೋದರು. ಅವನ ಮಣಿಕಟ್ಟು ಬೆಳ್ಳಗೆ ದಪ್ಪವಾಯಿತು.

ಕೊನೆಗೆ ಬುಪ್ಪಾ ಬಂದಳು. ಅವಳ ಬೆರಳಿಗೆ ಗಂಟು ಹಾಕಲು ಆಗುತ್ತಿರಲಿಲ್ಲ.

"ಕೊಪ್ ಫೋನ್ ಮಾಡಿದ್ದ ಅಣ್ಣ. ಆ ಅಧಿಕಾರಿ ಹೊಲಕ್ಕೇ ಬಂದು ಕಾಲು ತೋರಿಸು ಅಂದನಂತೆ. ಕ್ರೇಟು ಹಾರಿ ಓಡಿಹೋದೆ ಅಂತಾನೆ." ಗಂಟು ಮತ್ತೆ ಜಾರಿತು. "ಯಾವ ಅಧಿಕಾರಿಯಾದ್ರೂ ಕಾಲು ತೋರಿಸು ಅಂತ ಕೇಳ್ತಾನಾ? ನನ್ನ ಸಮಾಧಾನಕ್ಕೆ ಕತೆ ಕಟ್ಟಿದಾನೆ. ಇಷ್ಟು ದೊಡ್ಡ ಸುಳ್ಳು ಹೇಳ್ತಿದಾನೆ ಅಂದ್ರೆ ಅವನಿಗೆ ಕಾಲೇ ಇಲ್ಲ ಅಂತ ಕಾಣುತ್ತೆ."

ತೊಂಗ್ಮಾನಿಗೆ ತಡೆಯಲಾಗಲಿಲ್ಲ.

"ಸುಳ್ಳಲ್ಲ ಬುಪ್ಪಾ, ಅವನು ಓಡಿದ. ನಾನು ಹಿಂದೇನೇ ಇದ್ದೆ."

"ಹಿಂದೆ ಅಂದ್ರೆ?" ಎಂದ ಸುವಿತ್.

"ಅಟ್ಟಿಸ್ಕೊಂಡು ಹೋಗ್ತಿದ್ದೆ. ಆ ಅಧಿಕಾರಿ ನಾನೇ."

ಎಲ್ಲರೂ ಒಟ್ಟಿಗೆ ಬಾಯಿಬಿಟ್ಟರು. ಮಂಜಿನ ಪೆಟ್ಟಿಗೆಯ ಲೆಕ್ಕ ಒಬ್ಬ ಕೇಳಿದ, ಕಟ್ಟಿದ ದಾರ ಬಿಚ್ಚಿಕೊಡೆಂದು ಇನ್ನೊಬ್ಬಳು ಕೈ ಹಿಡಿದೆಳೆದಳು, "ಹಾಗಾದ್ರೆ ನೀನು ಅಲ್ಲಿ ಕೆಲಸ ಮಾಡೋಕೆ ಹೋಗಿರ್ಲಿಲ್ವಾ?" ಎಂದು ಸುವಿತ್ ತಲೆಮೇಲೆ ಕೈಹೊತ್ತು ಕೂತ.

"ಪ್ರವಾಸಕ್ಕೆ ಅಂತ ಬಾಯಿ ಬಡ್ಕೊಂಡೆನಲ್ಲೋ!"

ಬುಪ್ಪಾ ಮಾತ್ರ ಅವನ ಮಣಿಕಟ್ಟು ಬಿಟ್ಟಿರಲಿಲ್ಲ. "ಅಣ್ಣ, ನನ್ನ ಮುಖ ನೋಡಿ ಹೇಳು. ಓಡಿದ್ನಾ?"

ತೊಂಗ್ಮಾ ಕ್ಯಾಮೆರಾ ತೆಗೆದು, ಸೇತುವೆ ಅರಮನೆಗಳನ್ನೆಲ್ಲ ದಾಟಿಸಿ, ಕೊನೆಯ ಚಿತ್ರ ತೆರೆದು ಅವಳ ಕೈಗಿಟ್ಟ. ಊರು ಅವಳ ಭುಜದ ಮೇಲೆ ಬಗ್ಗಿತು. ಚಿತ್ರ ಓರೆಯಾಗಿತ್ತು. ಕೆಳಗೆ ಎಲೆಕೋಸು, ನಡುವೆ ಕ್ರೇಟುಗಳ ಸಾಲು, ಅದರ ಮೇಲೆ ಆಕಾಶದಲ್ಲಿ ಎರಡು ಕಾಲು. ಮಂಡಿ ಮಡಚಿ, ಹಿಮ್ಮಡಿ ಹಿಂದಕ್ಕೆ ಚಾಚಿದ ಎರಡು ಗಟ್ಟಿಮುಟ್ಟಾದ ಕಾಲು. ಸೊಂಟದಿಂದ ಮೇಲೆ ಏನೂ ಬಂದಿರಲಿಲ್ಲ.

"ಮುಖಾನೇ ಇಲ್ವಲ್ಲ! ಯಾರ ಕಾಲೋ ಏನೋ" ಎಂದ ಸುವಿತ್.

"ಮುಖ ನಾನು ಏಳು ವರ್ಷದಿಂದ ಫೋನಲ್ಲಿ ನೋಡಿದೀನಿ" ಎಂದಳು ಬುಪ್ಪಾ. "ಇಷ್ಟೇ ನೋಡೋದು ಬಾಕಿ ಇತ್ತು." ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು, ಎರಡನ್ನೂ ಮುಚ್ಚಿಕೊಳ್ಳಲಿಲ್ಲ. ಕೈ ಒರೆಸಿಕೊಂಡು ತೊಂಗ್ಮಾನ ಮಣಿಕಟ್ಟಿನ ದಾರಕ್ಕೆ ಮೂರು ಗಂಟು ಬಿಗಿಯಾಗಿ ಹಾಕಿದಳು.

"ನೀನು ಪ್ರವಾಸಕ್ಕೇ ಹೋಗಿದ್ದೆ ಬಿಡಣ್ಣ. ಕೆಲಸಕ್ಕೆ ಹೋದೋರಿಗೆ ಇಷ್ಟೊಂದು ಪುರುಸೊತ್ತು ಎಲ್ಲಿರುತ್ತೆ?"

ಸುವಿತ್ ಕ್ಯಾಮೆರಾ ತೆಗೆದುಕೊಳ್ಳಲು ಕೈ ನೀಡಿದ. ಬರುವ ವಾರ ಇನ್ನೊಬ್ಬ ಪ್ರವಾಸಕ್ಕೆ ಹೊರಡುವವನಿದ್ದ. ಬುಪ್ಪಾ ಅದರ ಪಟ್ಟಿಯನ್ನು ತನ್ನ ಕುತ್ತಿಗೆಗೆ ಹಾಕಿಕೊಂಡು ಎದ್ದಳು.

"ಅವನಿಗೆ ಬೇರೆ ಹುಡುಕಿ" ಎಂದಳು.